ಸಲ್ಕಿಯ ಸಾರಥಿಗಳು

ಮೆಡೊಲ್ಯಾಂಡ್ಸ್ ಅಂದರೆ ನ್ಯೂಜೆರ್ಸಿಯಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಫುಟ್‌ಬಾಲ್, ಇಲ್ಲವೇ ದೊಡ್ಡ ಗಾಯಕರ ಕಾರ್ಯಕ್ರಮ. ಆ ಕ್ರೀಡಾಂಗಣದ ಪಕ್ಕದಲ್ಲೇ ಪ್ರತಿ ಆಗಸ್ಟಿನಲ್ಲಿ ಹ್ಯಾಂಬಲ್ಟೋನಿಯನ್ ಎಂಬ ಕುದುರೆಗಾಡಿ ಪಂದ್ಯ ನಡೆಯುತ್ತದೆ. 1926ರಲ್ಲಿ ಶುರುವಾಗಿ ಊರೂರು ಸುತ್ತಿ 1981ರಲ್ಲಿ ಇಲ್ಲಿ ಬಂದು ನೆಲೆಸಿದ ಪಂದ್ಯ ಅದು. ನಾವು ಕನ್ನಡಿಗರು ಈ ನಾಡಿಗೆ ಬಂದು ನೆಲೆಸಿದ ಕಥೆಗಳಿಗೆ ನಮ್ಮ ಸ್ಮರಣ ಸಂಚಿಕೆಗಳಲ್ಲಿ ಜಾಗ ಸಿಗುತ್ತಲೇ ಇರುತ್ತದೆ. ಈ ಸಲ ನಮಗಿಂತ ಮೊದಲೇ ಇಲ್ಲಿದ್ದ ಈ ಗಾಡಿಗಳ ಸಾರಥಿಗಳ ಕುಲದ ಕಥೆ ಹೇಳುತ್ತೇನೆ.

ನಮಗೆ ರೇಸ್ ಎಂದರೆ ಬೆಂಗಳೂರಿನ ರೇಸ್‌ಕೋರ್ಸ್, ಕುದುರೆಯ ಬೆನ್ನಿನ ಮೇಲೆ ಬಣ್ಣದ ಅಂಗಿ ತೊಟ್ಟ ಜಾಕಿ. ಇಲ್ಲಿ ಜಾಕಿ ಇಲ್ಲ. ಕುದುರೆಯ ಹಿಂದೆ ಸಲ್ಕಿ ಎಂಬ ಎರಡು ಚಕ್ರದ ಹಗುರ ಗಾಡಿ, ಅದರಲ್ಲಿ ಕಾಲು ಚಾಚಿ ಕೂತ ಡ್ರೈವರ್. ಕುದುರೆ ಎಷ್ಟೇ ವೇಗವಾಗಿ ಹೋಗಲಿ, ನಮ್ಮ ಜಟಕಾ ಕುದುರೆಯ ಹಾಗೆ ಕುಕ್ಕುಲೋಟದಲ್ಲೇ ಓಡಬೇಕು. ಟ್ರಾಟರ್ ಕುದುರೆ ಮುಂದಿನ ಎಡಗಾಲನ್ನೂ ಹಿಂದಿನ ಬಲಗಾಲನ್ನೂ ಒಟ್ಟಿಗೆ ಎತ್ತುತ್ತದೆ. ಪೇಸರ್ ಒಂದೇ ಮಗ್ಗುಲಿನ ಎರಡು ಕಾಲನ್ನು. ಅಪ್ಪಿತಪ್ಪಿ ನಾಗಾಲೋಟಕ್ಕೆ ಬಿದ್ದರೆ ಡ್ರೈವರ್ ಲಗಾಮು ಜಗ್ಗಿ ಮತ್ತೆ ಹದಕ್ಕೆ ತರಬೇಕು, ಅಷ್ಟರಲ್ಲಿ ಉಳಿದವರು ಮುಂದೆ ಹೋಗಿರುತ್ತಾರೆ. ಹಾಗಾಗಿ ಕುದುರೆಯನ್ನು ಓಡಿಸುವುದಕ್ಕಿಂತ ಓಡದಂತೆ ಹಿಡಿಯುವುದೇ ಇಲ್ಲಿ ದೊಡ್ಡ ವಿದ್ಯೆ. ಈ ವಿದ್ಯೆಗೆ ಜಾಕಿಯಂತೆ ಉಪವಾಸವಿದ್ದು ತೂಕ ಇಳಿಸಬೇಕಾಗಿಲ್ಲ. ಕೈ ಪಳಗಬೇಕು, ಅಷ್ಟೆ. ಅರವತ್ತು ದಾಟಿದವರೂ ಕಣದಲ್ಲಿರುತ್ತಿದ್ದುದು ಅದಕ್ಕೇ.

ಎಡ್ವರ್ಡ್ ಗೀರ್ಸ್ ಎಪ್ಪತ್ತೂ ದಾಟಿದ್ದ. ಟೆನೆಸಿಯವನು, ಮಾತು ಕಡಿಮೆ. ಜನ ಪ್ರೀತಿಯಿಂದ ‘ಪಾಪ್’ ಎನ್ನುತ್ತಿದ್ದರು, ಅಪ್ಪಯ್ಯ ಅಂದ ಹಾಗೆ. ಎತ್ತರದ ಚಕ್ರದ ಹಳೆಯ ಸಲ್ಕಿಯ ಕಾಲದಲ್ಲಿ ಹೆಸರು ಮಾಡಿ, 1892ರ ಹೊತ್ತಿಗೆ ಸೈಕಲ್ ಚಕ್ರ ಬಂದ ಮೇಲೂ ಗೆದ್ದವನು. 1924ರಲ್ಲಿ ವೆಸ್ಟ್ ವರ್ಜೀನಿಯಾದ ವೀಲಿಂಗ್‌ನಲ್ಲಿ ಪಂದ್ಯದ ನಡುವೆ ಕುದುರೆ ಬಿದ್ದು ಅವನು ಸತ್ತಾಗ ವಯಸ್ಸು 73. ಅವನ ಕೈಕೆಳಗೆ ಪಳಗಿದ ಬೆನ್ ವೈಟ್ ಮುಂದೆ ನಾಲ್ಕು ಸಲ ಹ್ಯಾಂಬಲ್ಟೋನಿಯನ್ ಗೆದ್ದ. ಅದರಲ್ಲಿ 1936ರ ಗೆಲುವಿನ ಹಿಂದೆ ಒಂದು ಸಂಗತಿ ಇದೆ. ವೈಟ್‌ನ ಮಗ ಗಿಬ್ಸನ್ ಕ್ಷಯ ಹಿಡಿದು ಸ್ಯಾನಿಟೋರಿಯಂನಲ್ಲಿ ಮಲಗಿದ್ದ. ತಂದೆ ರೋಸಲಿಂಡ್ ಎಂಬ ಹೆಣ್ಣು ಮರಿಯನ್ನು ‘ಇದು ನಿನ್ನದು’ ಎಂದು ಮಗನ ಹೆಸರಿಗೆ ಮಾಡಿದ. ಆ ಮರಿಯೇ ಹ್ಯಾಂಬಲ್ಟೋನಿಯನ್ ಗೆದ್ದದ್ದು. ಹುಡುಗ ಗುಣವಾಗಿ ಮುಂದೆ ತಾನೂ ಕುದುರೆ ಪಳಗಿಸುವವನಾದ. ಔಷಧಿ ಎಷ್ಟು ಕೆಲಸ ಮಾಡಿತೋ ಮರಿ ಎಷ್ಟು ಮಾಡಿತೋ, ಡಾಕ್ಟರುಗಳು ಹೇಳಬೇಕು. 1939ರಲ್ಲಿ ಅದೇ ರೋಸಲಿಂಡ್‌ಳನ್ನು ‘ಬೂದು ಭೂತ’ವೆಂದು ಹೆಸರಾಗಿದ್ದ ಗ್ರೇಹೌಂಡ್ ಕುದುರೆಯ ಜೊತೆ ಒಂದೇ ಗಾಡಿಗೆ ಹೂಡಿ ಸೆಪ್ ಪಾಲಿನ್ ಎಂಬ ಡ್ರೈವರ್ ಒಂದು ಮೈಲಿಯನ್ನು 1 ನಿಮಿಷ 58¼ ಸೆಕೆಂಡಿನಲ್ಲಿ ಮುಗಿಸಿದ. ಜೋಡಿ ಕುದುರೆ ಹೂಡಿದವರಿಗೆ ಗೊತ್ತು, ಎರಡರ ಹೆಜ್ಜೆ ಕೂಡಿಸುವುದು ಎಂಥ ಕಷ್ಟವೆಂದು.

ಈ ಹಿರಿಯರಲ್ಲಿ ನಮ್ಮ ನೆರೆಯವನೇ ಆದವನು ಸ್ಟ್ಯಾನ್ಲಿ ಡ್ಯಾನ್ಸರ್. 1927ರಲ್ಲಿ ನ್ಯೂಜೆರ್ಸಿಯಲ್ಲೇ ಹುಟ್ಟಿದ ರೈತನ ಮಗ, ಎಂಟನೇ ತರಗತಿಗೆ ಶಾಲೆ ಬಿಟ್ಟವನು. ಹೆಂಡತಿ ಕಾಲೇಜಿಗೆಂದು ಕೂಡಿಟ್ಟಿದ್ದ 250 ಡಾಲರ್ ಹಾಕಿ ಕ್ಯಾಂಡರ್ ಎಂಬ ಕುದುರೆ ಕೊಂಡ. ಆ ಹೆಣ್ಣುಮಗಳ ಓದು ಏನಾಯಿತೆಂದು ಈ ಕಥೆ ಹೇಳುವವರು ಯಾರೂ ಕೇಳುವುದಿಲ್ಲ. 1964ರ ಹೊತ್ತಿಗೆ ಒಂದೇ ವರ್ಷದಲ್ಲಿ ಅವನ ಕುದುರೆಗಳು ಹತ್ತು ಲಕ್ಷ ಡಾಲರ್ ದಾಟಿದ ಬಹುಮಾನ ಗೆದ್ದವು; ಅಷ್ಟು ಗಳಿಸಿದ ಮೊದಲ ಡ್ರೈವರ್ ಅವನೇ. ನೆವೆಲೆ ಪ್ರೈಡ್, ಮೋಸ್ಟ್ ಹ್ಯಾಪಿ ಫೆಲ್ಲಾ, ಸೂಪರ್ ಬೌಲ್ ಎಂಬ ಮೂರು ಕುದುರೆಗಳಿಗೆ, ಒಂದೇ ವರ್ಷ ಮೂರು ದೊಡ್ಡ ಪಂದ್ಯ ಗೆದ್ದರೆ ಸಿಗುವ ಟ್ರಿಪಲ್ ಕ್ರೌನ್ ಗೆಲ್ಲಿಸಿದ್ದು ಅವನ ದೊಡ್ಡ ಸಾಧನೆ. ಆದರೆ ನನ್ನ ಮಟ್ಟಿಗೆ ಅವನ ಕೈಚಳಕ ಕಾಣುವುದು ಕಾರ್ಡಿಗನ್ ಬೇಯಲ್ಲಿ. ನ್ಯೂಜಿಲೆಂಡಿನಿಂದ ತರಿಸಿದ ಕುದುರೆ, ಸೊಂಟಕ್ಕೆ ಪೆಟ್ಟು ಬಿದ್ದು ಒಂದು ಮಗ್ಗುಲು ಕುಸಿದಿತ್ತು, ವಯಸ್ಸೂ ಆಗಿತ್ತು. ಬೇರೆಯವರು ಮೂಸಿಯೂ ನೋಡುತ್ತಿರಲಿಲ್ಲವೇನೋ. ಅದನ್ನೇ ಜೋಪಾನವಾಗಿ ಓಡಿಸಿ, 1968ರಲ್ಲಿ ನಮ್ಮ ಫ್ರೀಹೋಲ್ಡ್ ಕಣದಲ್ಲಿ ಒಟ್ಟು ಹತ್ತು ಲಕ್ಷ ಡಾಲರ್ ಗಳಿಸಿದ ಮೊದಲ ಗಾಡಿ ಪಂದ್ಯದ ಕುದುರೆಯನ್ನಾಗಿ ಮಾಡಿದ. ಆಮೇಲೆ ಎಡ್ ಸಲಿವನ್‌ನ ಟೀವಿ ಕಾರ್ಯಕ್ರಮಕ್ಕೂ ಕುದುರೆಯೊಂದಿಗೇ ಹೋಗಿಬಂದ.

ಅವನ ಸಮಜೋಡಿ ಎದುರಾಳಿ ಬಿಲ್ಲಿ ಹಾಟನ್. 1980ರ ಜನವರಿಯಲ್ಲಿ ಅವನ ಮಗ ಪೀಟರ್ ಕಾರು ಅಪಘಾತದಲ್ಲಿ ತೀರಿಕೊಂಡ. ವಯಸ್ಸು 25, ಆಗಲೇ ಒಳ್ಳೆಯ ಡ್ರೈವರ್ ಎನಿಸಿಕೊಂಡಿದ್ದ. ಪೀಟರ್ ಪಳಗಿಸುತ್ತಿದ್ದ ಬರ್ಗೋಮೈಸ್ಟರ್ ಎಂಬ ಕುದುರೆ ಲಾಯದಲ್ಲಿತ್ತು. ಅದೇ ವರ್ಷದ ಹ್ಯಾಂಬಲ್ಟೋನಿಯನ್‌ಗೆ ತಂದೆ ಅದನ್ನು ತಾನೇ ಓಡಿಸಿ ಗೆದ್ದ. 1982ರಲ್ಲಿ ಇನ್ನೊಬ್ಬ ಮಗ ಟಾಮಿ ಅದೇ ಪಂದ್ಯ ಗೆದ್ದ. 1986ರ ಜುಲೈ 5ರಂದು ಯಾಂಕರ್ಸ್ ಕಣದಲ್ಲಿ ಬಿಲ್ಲಿ ಸಲ್ಕಿಯಿಂದ ಬಿದ್ದು ತಲೆಗೆ ಪೆಟ್ಟಾಯಿತು. ಹತ್ತು ದಿನಕ್ಕೆ ಹೋಗಿಬಿಟ್ಟ. ಆಗ ಅವನಿಗೆ 62. ಗೀರ್ಸ್ ಸತ್ತ ಬಗೆಯಲ್ಲೇ ಇವನೂ ಸತ್ತನಲ್ಲ ಅನಿಸುತ್ತದೆ.

ಇವರೆಲ್ಲ ಬರೀ ಡ್ರೈವರುಗಳಾಗಿರಲಿಲ್ಲ. ಮರಿ ಕೊಳ್ಳುವುದು, ಮೊದಲ ಸಲ ಕಡಿವಾಣ ಹಾಕುವುದು, ಯಾವ ಲಾಳ ಎಷ್ಟು ತೂಕವಿರಬೇಕೆಂದು ಹೇಳುವುದು, ಬೆಳಗಿನ ತಾಲೀಮು, ಸಂಜೆಯ ಪಂದ್ಯ ಎಲ್ಲ ಒಬ್ಬನದೇ. ಈ ಪದ್ಧತಿಗೆ ಧಕ್ಕೆ ಬಂದದ್ದು ವಿದ್ಯುತ್ ದೀಪದಿಂದ ಎಂದರೆ ವಿಚಿತ್ರ ಅನಿಸಬಹುದು. 1940ರಲ್ಲಿ ಲಾಂಗ್ ಐಲೆಂಡಿನ ರೂಸ್ವೆಲ್ಟ್ ರೇಸ್‌ವೇಯಲ್ಲಿ ಜಾರ್ಜ್ ಮಾರ್ಟನ್ ಲೀವಿ ಎಂಬ ವಕೀಲ ರಾತ್ರಿ ಪಂದ್ಯ ಶುರುಮಾಡಿದ. 1946ರಲ್ಲಿ ಅಲ್ಲೇ ರೆಕ್ಕೆ ಬಿಚ್ಚಿದ ಗೇಟನ್ನು ಹೊತ್ತ ಕಾರು ಕುದುರೆಗಳ ಮುಂದೆ ಓಡತೊಡಗಿತು. ಎಲ್ಲ ಕುದುರೆ ಒಂದೇ ಸಾಲಿಗೆ ಬಂದಾಗ ಕಾರು ದೌಡಾಯಿಸಿ ದಾರಿ ಬಿಡುತ್ತದೆ. ಅದಕ್ಕೆ ಮುಂಚೆ ಸಾಲು ಸರಿಯಾಗಲಿಲ್ಲವೆಂದು ಕುದುರೆಗಳನ್ನು ಮತ್ತೆ ಮತ್ತೆ ಹಿಂದಕ್ಕೆ ಕರೆಸುತ್ತಿದ್ದರು, ಪ್ರೇಕ್ಷಕರು ಆಕಳಿಸುತ್ತಿದ್ದರಂತೆ. ಈಗ ಆಟ ಚುರುಕಾಯಿತು, ಕೆಲಸ ಮುಗಿಸಿದ ನಗರದ ಜನ ಬಂದರು, ಬಾಜಿಯ ಹಣ ಹರಿಯಿತು. ಪಂದ್ಯಗಳು ಹೆಚ್ಚಿದಂತೆ ಪರರ ಕುದುರೆ ಓಡಿಸುವುದನ್ನೇ ಕಸುಬು ಮಾಡಿಕೊಂಡವರು ಬಂದರು. ಕ್ವಿಬೆಕ್‌ನ ಹರ್ವೆ ಫಿಲಿಯೋನ್ ಒಂದೇ ದಿನ ಎರಡು ಕಣದಲ್ಲಿ ಓಡಿಸುತ್ತಿದ್ದ. 1989ರಲ್ಲಿ ವರ್ಷಕ್ಕೆ 814 ಗೆಲುವು, ಜೀವಮಾನದಲ್ಲಿ 15,000ಕ್ಕೂ ಮೀರಿ. ಆರು ಹ್ಯಾಂಬಲ್ಟೋನಿಯನ್ ಗೆದ್ದ ಜಾನ್ ಕ್ಯಾಂಬೆಲ್ ಹೆಸರಾದದ್ದೂ ಹೀಗೆಯೇ. ಅವನ ಕೈಯನ್ನು ಯಾರೂ ಹೀಗಳೆಯಲಾರರು. ಆದರೆ ಕುದುರೆಯನ್ನು ಪಂದ್ಯಕ್ಕೆ ಐದು ನಿಮಿಷ ಮುಂಚೆ ಕಂಡವನೂ, ಅದು ಮರಿಯಾಗಿದ್ದಾಗ ಮೈ ತಿಕ್ಕಿದವನೂ ಸಮ ಎಂದು ನಾನಂತೂ ಒಪ್ಪಲಾರೆ.

ರೂಸ್ವೆಲ್ಟ್ ರೇಸ್‌ವೇ 1988ರಲ್ಲಿ ಮುಚ್ಚಿತು. ಫ್ರೀಹೋಲ್ಡ್ 2024ರ ಡಿಸೆಂಬರಿನಲ್ಲಿ ಬಾಗಿಲು ಹಾಕಿತು. ಪೊಮೋನಾದ ರಂಗನಾಥನ ಗುಡಿಗೆ ಹೋಗುವವರು ಇನ್ನೂ ಸ್ವಲ್ಪ ಮುಂದೆ ಗೋಷೆನ್ ಊರಿಗೆ ಹೋದರೆ 1838ರ ಕಣವೊಂದು ಇವತ್ತಿಗೂ ಇದೆ. ಪಕ್ಕದ ಹಳೆಯ ಲಾಯದಲ್ಲಿ ಈ ಆಟದ ವಸ್ತುಸಂಗ್ರಹಾಲಯವಿದೆ. ಹಿರಿಯ ಡ್ರೈವರುಗಳ ಪುಟ್ಟ ಪ್ರತಿಮೆಗಳನ್ನು ಅಲ್ಲಿ ನೋಡಬಹುದು. ಹಳೆಯ ಪದ್ಧತಿಯವರನ್ನು ಜೀವಂತವಾಗಿಯೇ ನೋಡಬೇಕೆಂದರೆ ಮೆಡೊಲ್ಯಾಂಡ್ಸ್‌ಗೆ ಬನ್ನಿ. 2021ರ ಹ್ಯಾಂಬಲ್ಟೋನಿಯನ್ ಗೆದ್ದ ಕ್ಯಾಪ್ಟನ್ ಕೋರಿಯನ್ನು ಪಳಗಿಸಿದವನೂ ಓಡಿಸಿದವನೂ ಒಬ್ಬನೇ: ಸ್ವೀಡನ್ನಿನಿಂದ ಬಂದು ಇಲ್ಲಿ ಲಾಯ ಕಟ್ಟಿಕೊಂಡ ಓಕೆ ಸ್ವಾನ್‌ಸ್ಟೆಟ್. ಗೆದ್ದಾಗ ಅವನಿಗೂ ಅರವತ್ತು ದಾಟಿತ್ತು.