ಗಿಳಿಪಾಠವಲ್ಲದ ಮಾತು

ಮಾತು ಬಲ್ಲವನಿಗೆ ಜಗಳವಿಲ್ಲವೆಂಬುದು ನಮ್ಮ ಗಾದೆ. ಮಾತೆಂದರೆ ಇನ್ನೊಬ್ಬರೊಡನೆ ನಡೆಸುವ ವ್ಯವಹಾರವೆಂದೇ ನಾವು ತಿಳಿದಿದ್ದೇವೆ. ಆದರೆ ಕತ್ತಲೆಯಲ್ಲಿ ಒಬ್ಬನೇ ನಡೆಯುವವನು ತನ್ನಷ್ಟಕ್ಕೆ ಏನನ್ನೋ ಗುನುಗಿಕೊಳ್ಳುತ್ತಾನೆ. ಕಷ್ಟದ ಲೆಕ್ಕ ಬಿಡಿಸುವ ಹುಡುಗ ತುಟಿಯಲ್ಲಾಡಿಸುತ್ತಾನೆ. ತನ್ನನ್ನು ತಾನು ಸಂತೈಸಿಕೊಳ್ಳುವುದಕ್ಕೂ ಮಾತು ಬೇಕು. ಇದನ್ನು ಮರೆತದ್ದರಿಂದ ಸ್ವಲೀನತೆಯುಳ್ಳ ಎಷ್ಟೋ ಮಕ್ಕಳ ಬಾಯಿ ಮುಚ್ಚಿಸಿದ್ದಾಯಿತು.

'ಆಟಿಸಂ' ಎಂಬ ಶಬ್ದವನ್ನು ಬಳಕೆಗೆ ತಂದವನು ಸ್ವಿಟ್ಜರ್ಲೆಂಡಿನ ವೈದ್ಯ ಬ್ಲಾಯ್ಲರ್. ಅವನು ಹೇಳಿದ್ದು ಬೇರೊಂದು ಮನೋರೋಗದ ಲಕ್ಷಣವನ್ನು ಕುರಿತು. ಬಾಲ್ಟಿಮೋರಿನ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳನ್ನು ವರ್ಣಿಸಿ ಆ ಶಬ್ದಕ್ಕೆ ಇಂದಿನ ಅರ್ಥ ಕೊಟ್ಟ. ಅವರಲ್ಲಿ 8 ಮಕ್ಕಳಿಗೆ ಮಾತು ಬಂದಿತ್ತು. ಆದರೆ ಕೇಳಿದ ಮಾತನ್ನೇ ಮರುನುಡಿಯುವುದು ಅವರ ರೂಢಿಯಾಗಿತ್ತು. 'ನಿನಗೆ ಹಾಲು ಬೇಕೆ?' ಎಂದು ಕೇಳಿಸಿಕೊಂಡ ಮಗು ಹಾಲು ಬೇಕಾದಾಗಲೂ 'ನಿನಗೆ ಹಾಲು ಬೇಕೆ?' ಎಂದೇ ಅನ್ನುವ ಬಗೆ ಅದು.

ಇದು ಬರಿಯ ಗಿಳಿಪಾಠವೆ? 1946ರಲ್ಲಿ ಕ್ಯಾನರನೇ ಒಂದು ಪ್ರಸಂಗವನ್ನು ದಾಖಲಿಸಿದ. ಐದು ವರ್ಷದ ಬಾಲಕನೊಬ್ಬ ನಾಯಿಯನ್ನು ಉಪ್ಪರಿಗೆಯಿಂದ ಎಸೆಯಬೇಡವೆಂದು ಹೇಳಿಕೊಳ್ಳುತ್ತಿದ್ದ. ಅಲ್ಲಿ ನಾಯಿಯೂ ಇಲ್ಲ, ಉಪ್ಪರಿಗೆಯೂ ಇಲ್ಲ. ವಿಚಾರಿಸಿದಾಗ ತಿಳಿದದ್ದಿಷ್ಟು: ಮೂರು ವರ್ಷಗಳ ಹಿಂದೆ ಲಂಡನ್ನಿನ ಹೋಟೆಲಿನಲ್ಲಿ ಅವನು ಆಟದ ನಾಯಿಯನ್ನು ಮತ್ತೆ ಮತ್ತೆ ಕೆಳಗೆಸೆದಾಗ ಬೇಸತ್ತ ತಾಯಿ ಹಾಗೆ ಗದರಿಸಿದ್ದಳು. ಅಂದಿನಿಂದ ಏನನ್ನಾದರೂ ಎಸೆಯಬೇಕೆನ್ನಿಸಿದಾಗಲೆಲ್ಲ ಆ ಮಾತಿನಿಂದಲೇ ಅವನು ತನ್ನನ್ನು ತಡೆದುಕೊಳ್ಳುತ್ತಿದ್ದ. ತಾಯಿಯ ಗದರಿಕೆ ಮಗುವಿನ ಕೈಗೆ ಊರುಗೋಲಾಗಿತ್ತು.

ಮಗು ತನ್ನೊಡನೆ ಆಡಿಕೊಳ್ಳುವ ಮಾತೇ ಕ್ರಮೇಣ ಒಳಸರಿದು ಆಲೋಚನೆಯಾಗುತ್ತದೆ, ನಡತೆಯನ್ನು ಆಳುತ್ತದೆ ಎಂದು ರಷ್ಯದ ವೈಗೋಟ್‌ಸ್ಕಿ 1934ಕ್ಕೇ ಬರೆದಿದ್ದ. ಈ ಎರಡು ಎಳೆಗಳು ಕೂಡಲು ದಶಕಗಳೇ ಬೇಕಾದವು. ನಡುವೆ, 1967ರ ತನ್ನ ಗ್ರಂಥದಲ್ಲಿ ಬೆಟಲ್‌ಹೈಮ್ ತಂದೆತಾಯಿಯರ ವಾತ್ಸಲ್ಯದ ಕೊರತೆಯ ಮೇಲೆ ತಪ್ಪು ಹೊರಿಸಿದ. ಅದು ಸುಳ್ಳೆಂಬುದು ಇಂದು ನಿರ್ವಿವಾದ. ವರ್ತನಾ ಚಿಕಿತ್ಸಕರಲ್ಲಿ ಹಲವರು ಮರುನುಡಿಯನ್ನು ಅಳಿಸಬೇಕಾದ ದೋಷವೆಂದೆಣಿಸಿದರು. 1981ರಲ್ಲಿ ಪ್ರಿಜಂಟ್ ಮತ್ತು ಡ್ಯೂಕನ್ ಅಂಥ ಮಾತನ್ನು ಸಂದರ್ಭಸಹಿತ ಪರಿಶೀಲಿಸಿ, ಸರದಿ ಕಾಯುವುದು, ಬೇಡುವುದು, ತನ್ನನ್ನು ಹತೋಟಿಯಲ್ಲಿಟ್ಟುಕೊಳ್ಳುವುದು ಮುಂತಾದ ಉದ್ದೇಶಗಳು ಅದರಲ್ಲಿರುವುದನ್ನು ತೋರಿಸಿದರು.

ಇಲ್ಲಿಂದ ಚಿಕಿತ್ಸೆಯ ದಾರಿ ತಿರುಗಿತು. ಕುಕ್ಕರಿನ ಸೀಟಿ, ಬಸ್ಸಿನ ಹಾರನ್ನು, ಇದ್ದಕ್ಕಿದ್ದಂತೆ ಹೋಗುವ ಕರೆಂಟು, ಇವು ನಮಗೆ ಕ್ಷುಲ್ಲಕ. ಆ ಮಗುವಿಗೆ ಸಿಡಿಲು. ಮುಂದೇನಾಗುವುದೆಂಬುದನ್ನು ಮೊದಲೇ ಪುಟ್ಟ ವಾಕ್ಯದಲ್ಲಿ ಹೇಳುವುದು, ಅದೇ ಮಾತನ್ನು ಅದೇ ಸಂದರ್ಭದಲ್ಲಿ ಆಡುವುದು, ಜೊತೆಗೆ ಚಿತ್ರ ತೋರಿಸುವುದು, ಇವೇ ಸಾಧನಗಳು. ಅಳು ಉಕ್ಕಿದ ಮೇಲೆ ಉಪದೇಶ ನಾಟದು. ಸಮಾಧಾನದ ವೇಳೆಯಲ್ಲಿಯೇ ಕಲಿಸಬೇಕು. ಬಾಯಿಮಾತು ಬಾರದ ಮಗುವಿಗೆ ಚಿತ್ರವೂ ಸನ್ನೆಯೂ ಮಾತೇ. ಇದು ಸ್ವಲೀನತೆಯನ್ನು ಗುಣಪಡಿಸುವ ಮದ್ದಲ್ಲ, ದಿನವನ್ನು ಸಹ್ಯವಾಗಿಸುವ ವಿದ್ಯೆ.

ನಮ್ಮಲ್ಲಿ ಈ ವಿದ್ಯೆಯ ದೊಡ್ಡ ನೆಲೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಹುಟ್ಟಿದ್ದು 1965ರಲ್ಲಿ. ಕಾನೂನು ಮಾತ್ರ ನಿಧಾನವಾಗಿ ಬಂದಿತು. 1995ರ ಅಂಗವಿಕಲರ ಅಧಿನಿಯಮದ ಪಟ್ಟಿಯಲ್ಲಿ ಸ್ವಲೀನತೆಯ ಹೆಸರೇ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಅಧಿನಿಯಮ ಅದನ್ನು ಹೆಸರಿಸಿತು, 2016ರ ಅಧಿನಿಯಮ ಅದನ್ನು 21 ವೈಕಲ್ಯಗಳಲ್ಲಿ ಒಂದಾಗಿ ಸೇರಿಸಿತು.

ಆದರೆ ಮೈಸೂರೆಲ್ಲಿ, ಅಫಜಲಪುರ ತಾಲ್ಲೂಕಿನ ಭೀಮಾತೀರದ ಸೊನ್ನವೆಲ್ಲಿ! ಸೊನ್ನದ ಬ್ಯಾರೇಜು ಹೊಳೆಯ ನೀರನ್ನು ಅಲ್ಲಿಯ ಹೊಲಕ್ಕೇ ನಿಲ್ಲಿಸಿಕೊಡುತ್ತದೆ. ಈ ವಿದ್ಯೆಯೂ ಹಾಗೆಯೇ ಊರಲ್ಲಿ ನಿಲ್ಲಬೇಕಾದರೆ ಊರಿನ ನುಡಿಯಲ್ಲಿಯೇ ಇರಬೇಕು. ಗಾಣಗಾಪುರದ ಜಾತ್ರೆಯ ಗದ್ದಲದಲ್ಲಿ ಕಿವಿ ಮುಚ್ಚಿಕೊಂಡ ಕೂಸಿಗೆ ಪುಸ್ತಕದ 'ನಿರೀಕ್ಷಿಸು' ಎಂಬ ಪದದಿಂದ ಪ್ರಯೋಜನವಿಲ್ಲ. 'ತಡಿ, ಅಂಜಬ್ಯಾಡ, ಈಗ ಮನಿಗಿ ಹೋಗ್ತೀವಿ' ಎಂಬ ಅವ್ವನ ಮಾತು ಬೇಕು. ಮರುದಿನ ಆ ಕೂಸು ಅದನ್ನೇ ಹತ್ತು ಸಲ ಅಂದುಕೊಂಡರೆ ನಾವು ನಗಬಾರದು, ಗದರಬಾರದು. ತನ್ನ ಭಯವನ್ನು ಅದು ಅವ್ವನ ದನಿಯಿಂದ ಕಟ್ಟಿಹಾಕುತ್ತಿರಬಹುದು.