ಕುಲ್ಫಿ: ಶೈತ್ಯಯಂತ್ರಗಳಿಗೆ ಮುಂಚಿನ ಇತಿಹಾಸ

ಕುಲ್ಫಿಯು ಬತ್ತಿಸಿದ ಹಾಲಿಗೆ ಸಕ್ಕರೆ ಬೆರೆಸಿ, ಮುಚ್ಚಳವಿರುವ ಅಚ್ಚುಗಳಲ್ಲಿ ತುಂಬಿ, ಉಪ್ಪು ಬೆರೆತ ಮಂಜುಗಡ್ಡೆಯಲ್ಲಿ ಹುದುಗಿಸಿ ಗಟ್ಟಿಗೊಳಿಸುವ ಉತ್ತರ ಭಾರತದ ಸಿಹಿತಿನಿಸು. ಐಸ್ ಕ್ರೀಮಿನಂತೆ ಇದನ್ನು ಕಡೆಯುವುದಿಲ್ಲ. ಒಳಗೆ ಗಾಳಿ ಸೇರದ ಕಾರಣ ದಟ್ಟವಾಗಿದ್ದು ನಿಧಾನವಾಗಿ ಕರಗುತ್ತದೆ.

ಕುಲ್ಫಿ ಅಕ್ಬರನ ಅಡುಗೆಮನೆಯಲ್ಲಿ ಹುಟ್ಟಿತೆಂದು ಹೇಳುವವರು ಸಾಮಾನ್ಯವಾಗಿ ಅಬುಲ್ ಫಜಲನ 'ಐನ್-ಇ-ಅಕ್ಬರಿ'ಯನ್ನು ಆಧಾರವಾಗಿ ಕೊಡುತ್ತಾರೆ. ಆ ಗ್ರಂಥದಲ್ಲಿ ಅರಮನೆಯ ಕುಡಿಯುವ ನೀರಿನ ವಿಭಾಗವನ್ನು ಕುರಿತ ಭಾಗ ಇಷ್ಟು ದೂರ ಹೋಗುವುದಿಲ್ಲ. ಲೋಹದ ಹೂಜಿಗೆ ನೀರು ತುಂಬಿ, ಬಾಯಿ ಕಟ್ಟಿ, ಪೆಟ್ಲುಪ್ಪು ಕರಗಿಸಿದ ನೀರಿನಲ್ಲಿ ತಿರುಗಿಸಿ ತಣಿಸುವ ಕ್ರಮ ಅಲ್ಲಿದೆ. ಆಸ್ಥಾನ ಪಂಜಾಬಿಗೆ ಹೋದ ಮೇಲೆ ಉತ್ತರದ ಬೆಟ್ಟಗಳಿಂದ ದೋಣಿಗಳಲ್ಲೂ ಆಳುಗಳ ಮೂಲಕವೂ ಲಾಹೋರಿಗೆ ಹಿಮ ಬರುತ್ತಿದ್ದ ಸಂಗತಿಯೂ ಇದೆ. ಎರಡೂ ತಂಪು ನೀರಿನ ಮಾತು, ಹೆಪ್ಪುಗಟ್ಟಿಸಿದ ಹಾಲಿನದಲ್ಲ. ಪೆಟ್ಲುಪ್ಪಿನ ಗುಣವೂ ಈ ಎಚ್ಚರಿಕೆಯನ್ನು ಬೆಂಬಲಿಸುತ್ತದೆ: ಮಂಜುಗಡ್ಡೆಯೊಡನೆ ಸೇರಿದರೂ ಅದು ಸುಮಾರು ಮೈನಸ್ 3 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗಿಳಿಸಲಾರದು, ಸಕ್ಕರೆ ತುಂಬಿದ ಗಟ್ಟಿ ಹಾಲಿಗೆ ಅಷ್ಟು ತಂಪು ಸಾಲದು. ಅಡುಗೆ ಉಪ್ಪು ಮೈನಸ್ 21ರವರೆಗೆ ಇಳಿಸಬಲ್ಲದು.

ಹೆಚ್ಚು ಗಮನಕ್ಕೆ ಅರ್ಹವಾದ ದಾಖಲೆ 1775ರದು. ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ ರಾಬರ್ಟ್ ಬಾರ್ಕರ್ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಲಹಾಬಾದ್ ಮತ್ತು ಕಲ್ಕತ್ತೆಯ ಕಡೆ ಮಂಜುಗಡ್ಡೆ ತಯಾರಿಸುತ್ತಿದ್ದ ರೀತಿಯನ್ನು ವಿವರಿಸಿದ. ಬಯಲಿನಲ್ಲಿ ಸುಮಾರು 2 ಅಡಿ ಆಳದ ಅಗಲವಾದ ಗುಂಡಿ ತೋಡಿ, ತಳಕ್ಕೆ ಒಣ ಕಬ್ಬಿನ ಅಥವಾ ಜೋಳದ ದಂಟು ಹಾಸುತ್ತಿದ್ದರು. ಅದರ ಮೇಲೆ ಮೆರುಗು ಹಚ್ಚದ, ತೆಳು ಮಣ್ಣಿನ ತಟ್ಟೆಗಳನ್ನು ಸಾಲಾಗಿಟ್ಟು, ಕಾಯಿಸಿ ಆರಿಸಿದ ನೀರನ್ನು ಸಂಜೆಗೆ ತುಂಬುತ್ತಿದ್ದರು. ಡಿಸೆಂಬರಿನಿಂದ ಫೆಬ್ರವರಿವರೆಗಿನ ಶುಭ್ರ ರಾತ್ರಿಗಳಲ್ಲಿ ನೀರು ಹೆಪ್ಪುಗಟ್ಟುತ್ತಿತ್ತು. ಸೂರ್ಯ ಹುಟ್ಟುವ ಮೊದಲೇ ಅದನ್ನು ಕೂಡಿಸಿ, ಹುಲ್ಲು ಹಾಸಿದ ಆಳವಾದ ಹಗೇವಿನಲ್ಲಿ ಕುಟ್ಟಿ ತುಂಬುತ್ತಿದ್ದರು. ಸುತ್ತಲಿನ ಕೆರೆಕುಂಟೆಗಳಲ್ಲಿ ತಾನಾಗಿ ಮಂಜುಗಟ್ಟದ ನಾಡಿನಲ್ಲಿ ಇದು ನಿಜವಾದ ಕೌಶಲ. ನೀರು ತೆರೆದ ಆಕಾಶಕ್ಕೆ ಶಾಖ ಬಿಟ್ಟುಕೊಡುವುದೇ ಇದರ ಕಾರಣವೆಂದು ವಿಲಿಯಂ ಚಾರ್ಲ್ಸ್ ವೆಲ್ಸ್ 1814ರಲ್ಲಿ ಇಬ್ಬನಿ ಕುರಿತ ತನ್ನ ಪ್ರಬಂಧದಲ್ಲಿ ವಾದಿಸಿದ.

ಅದೇ ಲೇಖನದಲ್ಲಿ ಬಾರ್ಕರ್ ಮುಂದುವರಿದು, ಶರಬತ್ತು, ಕೆನೆ ಮೊದಲಾದವನ್ನು ಶಂಕುವಿನಾಕಾರದ ತೆಳು ಬೆಳ್ಳಿಯ ಬಟ್ಟಲುಗಳಿಗೆ ಹಾಕಿ, ಮುಚ್ಚಳದ ಸಂದಿಗೆ ಹಿಟ್ಟಿನ ಕಣಕ ಮೆತ್ತಿ, ಮಂಜುಗಡ್ಡೆ, ಪೆಟ್ಲುಪ್ಪು, ಅಡುಗೆ ಉಪ್ಪು ತುಂಬಿದ ದೊಡ್ಡ ಪಾತ್ರೆಯಲ್ಲಿಟ್ಟು ಗಟ್ಟಿಗೊಳಿಸುತ್ತಿದ್ದರು ಎನ್ನುತ್ತಾನೆ. ಶಂಕುವಿನ ಅಚ್ಚು, ಮೆತ್ತಿದ ಮುಚ್ಚಳ, ಕಡೆಯದೆ ಹೆಪ್ಪಿಸುವುದು: ಇಂದಿನ ಕುಲ್ಫಿಯ ಲಕ್ಷಣಗಳು ಇಲ್ಲಿ ಒಟ್ಟಿಗೆ ಕಾಣುತ್ತವೆ. ಆತ ಹೇಳುವುದು ಕೆನೆಯನ್ನು, ಬತ್ತಿಸಿದ ಹಾಲನ್ನಲ್ಲ ಎಂಬುದನ್ನೂ ಗಮನಿಸಬೇಕು. ಆದ್ದರಿಂದ ಕುಲ್ಫಿಯ ವಿಧಾನವನ್ನು ಹದಿನೆಂಟನೇ ಶತಮಾನಕ್ಕೆ ಖಚಿತವಾಗಿ ಒಯ್ಯಬಹುದು. ಅಕ್ಬರನ ಕಾಲಕ್ಕೆ ಒಯ್ಯಲು 'ಐನ್'ನ ಈ ಭಾಗ ಸಾಲದು.

1833ರಲ್ಲಿ ಅಮೆರಿಕದ ಮಂಜುಗಡ್ಡೆ ವ್ಯಾಪಾರಿ ಫ್ರೆಡರಿಕ್ ಟ್ಯೂಡರ್ ಬಾಸ್ಟನ್ನಿನಿಂದ 'ಟಸ್ಕನಿ' ಹಡಗಿನಲ್ಲಿ ಕಳಿಸಿದ 180 ಟನ್ ಮಂಜುಗಡ್ಡೆಯಲ್ಲಿ ಸುಮಾರು 100 ಟನ್ ಕರಗದೆ ಕಲ್ಕತ್ತೆ ಮುಟ್ಟಿತು. ಮುಂದೆ ಬಂದ ಐಸ್ ಹೌಸ್‌ಗಳಲ್ಲಿ ಮದರಾಸಿನದು ಇಂದು ವಿವೇಕಾನಂದರ್ ಇಲ್ಲಮ್ ಆಗಿ ಉಳಿದಿದೆ. 1878ರಲ್ಲಿ ಬೆಂಗಾಲ್ ಐಸ್ ಕಂಪನಿ ಯಂತ್ರದಿಂದ ಮಂಜುಗಡ್ಡೆ ತಯಾರಿಸತೊಡಗಿತು. ಬದಲಾದದ್ದು ಮಂಜುಗಡ್ಡೆಯ ಮೂಲ ಮಾತ್ರ; ತವರದ ಅಚ್ಚುಗಳನ್ನು ಉಪ್ಪು-ಮಂಜುಗಡ್ಡೆ ತುಂಬಿದ ಮಡಕೆಯಲ್ಲಿ ಹುದುಗಿಸಿ ಮಾರುವ ಪದ್ಧತಿ ವಿದ್ಯುತ್ ಬಂದ ಮೇಲೂ ಮುಂದುವರಿಯಿತು.