ಚಾವಡಿಯಿಂದ ಅಂಗೈಗೆ ಬಂದ ಪರದೆ

ಭಾಲ್ಕಿ ತಾಲ್ಲೂಕಿನ ಸಾಯಗಾಂವ ಮಹಾರಾಷ್ಟ್ರದ ಗಡಿಗೆ ಸಮೀಪದ ಊರು. ಕನ್ನಡ, ಮರಾಠಿ ಎರಡೂ ಕಿವಿಗೆ ಬೀಳುವ ಈ ಸೀಮೆಯಲ್ಲಿ, ನಾಡಿನ ಬೇರೆ ಕಡೆಗಳಂತೆಯೇ, ಹದಿಹರೆಯದ ಮಕ್ಕಳಿರುವ ಮನೆಗಳ ದೂರು ಒಂದೇ: ‘ಹುಡುಗ ಮೊಬೈಲ್ ಕೆಳಗಿಡಲೊಲ್ಲ.’ ಈ ದೂರಿನಲ್ಲಿ ತಪ್ಪಿತಸ್ಥನಾಗಿ ನಿಲ್ಲುವವನು ಸಾಮಾನ್ಯವಾಗಿ ಹುಡುಗನೊಬ್ಬನೇ. ಆದರೆ ಪರದೆ ಮನೆಗಳನ್ನು ಹೊಕ್ಕ ಚರಿತ್ರೆಯನ್ನು ಗಮನಿಸಿದರೆ ಕುಟುಂಬದ ಪಾಲೂ ಅದರಲ್ಲಿ ಎದ್ದು ಕಾಣುತ್ತದೆ.

ಬೀದರಿನ ನೆರೆಯ ಗುಲ್ಬರ್ಗಾ ಜಿಲ್ಲೆಯ ಹಳ್ಳಿಗಳಿಗೆ ಟೆಲಿವಿಷನ್ ಬಂದದ್ದು 1975ರಲ್ಲಿ. ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗ ಅದು. ಊರಿಗೊಂದೇ ಪೆಟ್ಟಿಗೆ, ಅದನ್ನು ಇಟ್ಟದ್ದು ಸಾರ್ವಜನಿಕ ಸ್ಥಳದಲ್ಲಿ. ಅಜ್ಜ, ಮೊಮ್ಮಗ ಒಂದೇ ಕಡೆ ಕುಳಿತು ನೋಡಿದರು. ಕಾರ್ಯಕ್ರಮ ಆರಂಭವಾಗುವ ಹೊತ್ತು ಗೊತ್ತಿದ್ದಂತೆ ಮುಗಿಯುವ ಹೊತ್ತೂ ಗೊತ್ತಿತ್ತು.

ಎಂಬತ್ತರ ದಶಕದಲ್ಲಿ ಪೆಟ್ಟಿಗೆ ಚಾವಡಿಯಿಂದ ಪಡಸಾಲೆಗೆ ಬಂತು. 1987ರಲ್ಲಿ ದೂರದರ್ಶನದ ‘ರಾಮಾಯಣ’ ಶುರುವಾದಾಗ ಟಿವಿ ಇದ್ದವರ ಮನೆ ಭಾನುವಾರ ಬೆಳಿಗ್ಗೆ ಓಣಿಯವರಿಗೆಲ್ಲ ತೆರೆದಿತ್ತು. ಏನು ನೋಡಬೇಕು, ಯಾವಾಗ ಆರಿಸಬೇಕು ಎಂಬುದನ್ನು ಹಿರಿಯರು ನಿರ್ಧರಿಸುತ್ತಿದ್ದರು. ಜಗಳವಿದ್ದರೂ ಅದು ಎಲ್ಲರೆದುರಿನ ಜಗಳ.

ಭಾರತದಲ್ಲಿ ಮೊದಲ ಮೊಬೈಲ್ ಕರೆ ನಡೆದದ್ದು 1995ರ ಜುಲೈ 31ರಂದು. 2016ರ ನಂತರ ಇಂಟರ್ನೆಟ್ ದರ ಕುಸಿದು ಸ್ಮಾರ್ಟ್‌ಫೋನ್ ಹಳ್ಳಿಗಳಲ್ಲೂ ಸಾಮಾನ್ಯವಾಯಿತು. 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದಾಗ ಪಾಠವೂ ಅದರೊಳಗೇ ಸೇರಿತು. ಅಪ್ಪನ ಫೋನು ಮಗನ ಕೈಗೆ ಬಂತು. ಕಸಿದುಕೊಂಡರೆ ಪಾಠ ತಪ್ಪುತ್ತದೆ, ಕೊಟ್ಟರೆ ಆಟ ನಿಲ್ಲುವುದಿಲ್ಲ ಎಂಬ ಇಕ್ಕಟ್ಟು ಹುಟ್ಟಿತು. ಗ್ರಾಮೀಣ ಭಾರತದ 14ರಿಂದ 16 ವರ್ಷದ ಮಕ್ಕಳ ಬಗ್ಗೆ 2024ರ ‘ಅಸರ್’ ಸಮೀಕ್ಷೆ ಕೊಟ್ಟ ಅಂಕಿ ಹೀಗಿದೆ: ಹಿಂದಿನ ಒಂದು ವಾರದಲ್ಲಿ ಓದಿಗಾಗಿ ಫೋನ್ ಬಳಸಿದವರು ಶೇ 57, ಸಾಮಾಜಿಕ ಜಾಲತಾಣಗಳಿಗಾಗಿ ಬಳಸಿದವರು ಶೇ 76. ಸ್ವಂತ ಫೋನ್ ಇದ್ದವರಲ್ಲಿ ಹುಡುಗಿಯರಿಗಿಂತ ಹುಡುಗರ ಪ್ರಮಾಣ ಹೆಚ್ಚು. ಒಂದೇ ಮನೆಯ ನಿಯಮ ಮಗನಿಗೊಂದು, ಮಗಳಿಗೊಂದು!

ಹಾಗಾದರೆ ಬಳಕೆ ಎಲ್ಲಿ ಚಟವಾಗುತ್ತದೆ? ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ವಿಡಿಯೊ ಆಟದ ಗೀಳನ್ನು ರೋಗಗಳ ಪಟ್ಟಿಗೆ ಸೇರಿಸಿತು. ಫೋನ್ ಬಳಕೆಯನ್ನು ಪ್ರತ್ಯೇಕ ಕಾಯಿಲೆಯಾಗಿ ಸೇರಿಸಲಿಲ್ಲ. ಆದ್ದರಿಂದ ತಜ್ಞರು ಗಂಟೆಗಳನ್ನಷ್ಟೇ ಎಣಿಸದೆ ನಿದ್ರೆ, ಓದು, ಒಡನಾಟ ಕೆಡುತ್ತಿವೆಯೇ, ಬಿಡಬೇಕೆಂದರೂ ಬಿಡಲಾಗುತ್ತಿಲ್ಲವೇ ಎಂದು ನೋಡುತ್ತಾರೆ.

ಇಲ್ಲಿ ಕುಟುಂಬದ ಪಾತ್ರ ಹಲವು ಬಗೆಯದು. ದೊಡ್ಡವರು ಮಾಡಿದ್ದನ್ನು ಮಕ್ಕಳು ನೋಡಿಯೇ ಕಲಿಯುತ್ತಾರೆಂದು ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1961ರ ಪ್ರಯೋಗದಲ್ಲಿ ತೋರಿಸಿದ್ದರು. ಊಟದ ತಟ್ಟೆಯ ಮುಂದೆ ಫೋನ್ ಹಿಡಿದ ತಂದೆಯ ಬುದ್ಧಿಮಾತಿಗೆ ತೂಕ ಬರುವುದಾದರೂ ಹೇಗೆ? ಬರೀ ಗದರುವುದು, ಪೂರ್ತಿ ಸಡಿಲ ಬಿಡುವುದು, ಅಕ್ಕರೆಯಿಂದ ಕಾರಣ ಹೇಳಿ ನಿಯಮಕ್ಕೆ ಬದ್ಧರಾಗುವುದು ಎಂಬ ಮೂರು ಬಗೆಯ ಪಾಲನೆಯನ್ನು ಡಯಾನಾ ಬೌಮ್ರಿಂಡ್ 1966ರಲ್ಲಿ ಗುರುತಿಸಿದರು. ಮೂರನೆಯದರಲ್ಲಿ ಬೆಳೆದ ಮಕ್ಕಳಲ್ಲಿ ಫೋನಿನ ಗೀಳು ಕಡಿಮೆ ಎಂದು ಈಚಿನ ಹಲವು ಅಧ್ಯಯನಗಳು ಹೇಳುತ್ತವೆ. ಆದರೆ ಮನೆಯ ಜಗಳದಿಂದ ಮಗು ಫೋನಿನತ್ತ ಓಡಿತೋ, ಫೋನಿನಿಂದಲೇ ಜಗಳ ಹುಟ್ಟಿತೋ ಎಂದು ಬಿಡಿಸಿ ಹೇಳುವುದು ಸುಲಭವಲ್ಲ. ಎರಡೂ ಒಂದನ್ನೊಂದು ಬೆಳೆಸುತ್ತವೆ.

ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ಇದಕ್ಕೆಂದೇ ‘ಶಟ್’ ಕ್ಲಿನಿಕ್ ತೆರೆಯಿತು. ತಂತ್ರಜ್ಞಾನವನ್ನು ಬಿಡಿಸುವುದಲ್ಲ, ಆರೋಗ್ಯಕರವಾಗಿ ಬಳಸುವಂತೆ ಮಾಡುವುದು ಅದರ ಉದ್ದೇಶ.

ಆಸ್ಪತ್ರೆಯ ಹೊರಗೂ ಪರಿಹಾರ ಹುಡುಕಿದ ಊರೊಂದಿದೆ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವದಲ್ಲಿ 2022ರ ಆಗಸ್ಟ್ 15ರಂದು ಸಂಜೆ 7ಕ್ಕೆ ಸೈರನ್ ಮೊಳಗಿತು. ಅಂದಿನಿಂದ ಸಂಜೆ ಒಂದೂವರೆ ಗಂಟೆ ಟಿವಿ, ಮೊಬೈಲ್ ಎರಡೂ ಬಂದ್ ಎಂದು ಊರು ತೀರ್ಮಾನಿಸಿತು. ಗಂಡಸರು ಮೊದಲು ನಕ್ಕರಂತೆ. ಒಪ್ಪಿದವರು ಹೆಂಗಸರು, ತಾವೂ ಧಾರಾವಾಹಿಗಳಿಗೆ ಅಂಟಿಕೊಂಡಿದ್ದೇವೆಂದು ಅವರು ಕಂಡುಕೊಂಡಿದ್ದರು. ನಿಯಮ ಮಕ್ಕಳಿಗಷ್ಟೇ ಅಲ್ಲದೆ ಮನೆಮಂದಿಗೆಲ್ಲ ಅನ್ವಯವಾಯಿತು.

ಚಾವಡಿಯ ಕಾಲ ಮರಳಿ ಬರಲಾರದು. ಆದರೆ ಅಂದು ಊರೇ ಒಟ್ಟಾಗಿ ಪರದೆ ಆರಿಸುತ್ತಿದ್ದ ಹೊತ್ತೊಂದಿತ್ತು. ಅಂಥ ಹೊತ್ತನ್ನು ಮನೆಯ ಹಿರಿಯರು ಮೊದಲು ತಮಗೆ ಗೊತ್ತುಮಾಡಿಕೊಂಡರೆ, ಮಕ್ಕಳಿಗೆ ಹೇಳುವ ಮಾತು ಅರ್ಧಕ್ಕರ್ಧ ಕಡಿಮೆಯಾದೀತು.